ಐತನ ಕೈಗೆ ಬಂದ ಸ್ವಿಸ್ ವಾಚು

ದೋಣಿಯಲ್ಲಿ ಹೊಳೆ ದಾಟುವ ಕಡವಿನ ದಡದಲ್ಲಿ ಲಚ್ಚಕ್ಕ ಎಂಬ ವಿಧವೆ ಇದ್ದಳು. ಅವಳಿಗೆ ಐತ ಎಂಬ ಒಬ್ಬನೇ ಮಗ. ಆಳು ಗಟ್ಟಿ, ಮನಸ್ಸು ಒಳ್ಳೆಯದು, ದೋಣಿಗೆ ಹುಟ್ಟು ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೇಳಿದ ಮಾತನ್ನು ಎಂದೂ ಮೀರುವವನಲ್ಲ. ಕಷ್ಟವಿದ್ದದ್ದೇ ಅಲ್ಲಿ.

"ನಾನು ಹೋದ ಮೇಲೆ ಇವನಿಗೆ ಅನ್ನ ಹಾಕುವವರು ಯಾರು?" ಎಂದು ಲಚ್ಚಕ್ಕ ದೋಣಿಯ ಮೋನಪ್ಪನಲ್ಲಿ ಕೆಲಸ ಕೇಳಿದಳು.

"ಬರಲಿ," ಎಂದ ಮೋನಪ್ಪ. "ಆದರೆ ಮೊದಲ ದೋಣಿ ಏಳಕ್ಕೆ. ತಡವಾದರೆ ಕೆಲಸವಿಲ್ಲ."

ಲಚ್ಚಕ್ಕನ ತಮ್ಮ ವಾಮನ ಹಡಗಿನ ಕೆಲಸದಿಂದ ರಜೆಗೆ ಬಂದಿದ್ದ. ತನ್ನ ಹೊಸ ಸ್ವಿಸ್ ವಾಚನ್ನು ಬಿಚ್ಚಿ ಐತನ ಕೈಗೆ ಕಟ್ಟಿದ. ಸಮುದ್ರದಲ್ಲಿ ಮುಳುಗಿ ಕೆಲಸ ಮಾಡುವವರಿಗೆಂದು ಮಾಡಿದ ವಾಚು. ತೀರಾ ದುಬಾರಿಯದಲ್ಲ, ಅಗ್ಗದ್ದೂ ಅಲ್ಲ.

"ದಿನಾ ಕಟ್ಟಲಿಕ್ಕೆ ಆಗುತ್ತದಾ ಅಂತ ನನಗೂ ಗೊತ್ತಾಗಬೇಕು. ನಿನ್ನ ಕೈಯಲ್ಲಿ ಉಳಿದರೆ ಎಲ್ಲಿಯೂ ಉಳಿದೀತು. ಇದಕ್ಕೆ ಕೀ ಬೇಡ, ಬ್ಯಾಟರಿ ಬೇಡ. ಕೈ ಆಡಿಸುತ್ತಿದ್ದರೆ ಓಡುತ್ತದೆ."

"ಸರಿ ಮಾವ."

ಮರುದಿನ ಬೆಳಿಗ್ಗೆ ಐತ ಕೈ ಆಡಿಸುತ್ತಾ ಹೊರಟ. ಬಸ್ಸು ನಿಂತಿತು.

"ಹತ್ತು," ಎಂದ ಕಂಡಕ್ಟರ್.

"ನಾನು ಬರುವುದಿಲ್ಲ."

"ಮತ್ತೆ ಕೈ ಯಾಕೆ ಮಾಡಿದ್ದು ಮಾರಾಯ?"

"ವಾಚು ಓಡಲಿಕ್ಕೆ."

ಹಿಂದೆ ಇನ್ನೊಂದು ಬಸ್ಸು ನಿಂತಿತು. ಅವರಿಗೂ ಹೇಳಿ ಮುಗಿಸುವಷ್ಟರಲ್ಲಿ ದೋಣಿ ಹೊಳೆಯ ನಡುವೆ ಇತ್ತು.

"ತಡವಾಯಿತು. ನಾಳೆ ಬಾ," ಎಂದು ಮೋನಪ್ಪ ಅಲ್ಲಿಂದಲೇ ಕೂಗಿದ.

ಲಚ್ಚಕ್ಕ ಹಣೆ ಬಡಿದುಕೊಂಡಳು. "ಬೀದಿಯಲ್ಲಿ ಕೈ ಆಡಿಸುವುದಾ ಮಗಾ? ಮನೆಯಲ್ಲಿ ಪಾತ್ರೆ ತೊಳೆ, ಕೈ ತಾನಾಗಿ ಆಡುತ್ತದೆ."

"ವಾಚು ಬಿಚ್ಚಿಡಲಾ?"

"ಬೇಡ," ಎಂದ ಮಾವ. "ಪಾತ್ರೆಯ ಹಾಗೆ ತೊಳೆದರೂ ಅದಕ್ಕೆ ಏನೂ ಆಗದು."

ಮರುದಿನ ಐತ ಪಾತ್ರೆಗಳ ಜೊತೆ ವಾಚನ್ನೂ ಬೂದಿ ಹಾಕಿ, ತೆಂಗಿನ ನಾರಿನಿಂದ ಗಸಗಸ ತಿಕ್ಕಿದ. ಒಲೆಯ ಮಸಿ ಹೋಗುವಷ್ಟು ತಿಕ್ಕಿದ. ಏಳು ಗಂಟೆ ದಾಟಿಹೋಯಿತು.

"ತಡವಾಯಿತು. ನಾಳೆ ಬಾ," ಎಂದ ಮೋನಪ್ಪ.

ವಾಮನ ವಾಚನ್ನು ಬಿಸಿಲಿಗೆ ಹಿಡಿದ. "ಪಟ್ಟಿಯಲ್ಲಿ ಸಣ್ಣ ಗೀರು ಬಿದ್ದಿದೆ. ಗಾಜಿನಲ್ಲಿ ಒಂದೂ ಇಲ್ಲ. ಒಳಗೆ ಹನಿ ನೀರಿಲ್ಲ. ಮುಳ್ಳು ಎಷ್ಟು ನಯವಾಗಿ ಓಡುತ್ತಿದೆ ನೋಡಕ್ಕ."

"ವಾಚನ್ನು ಹೊಗಳುತ್ತಾ ಕೂತಿದ್ದೀಯಲ್ಲ, ಇವನ ಕೆಲಸದ ಗತಿ ಏನು?" ಎಂದಳು ಲಚ್ಚಕ್ಕ. ಮಗನ ಕಡೆ ತಿರುಗಿದಳು. "ಇನ್ನು ಅದನ್ನು ಮಗುವಿನ ಹಾಗೆ ನೋಡಿಕೊ."

ಐತ ಅಟ್ಟದಿಂದ ತನ್ನ ಹಳೆಯ ತೊಟ್ಟಿಲು ಇಳಿಸಿದ. ವಾಚಿಗೆ ದುಪ್ಪಟಿ ಹೊದಿಸಿ ಮಲಗಿಸಿದ, ಜೋಗುಳ ಹಾಡಿ ತೂಗಿದ. ಬೆಳಕು ಹರಿದರೂ ತೂಗುತ್ತಲೇ ಇದ್ದ.

"ದೋಣಿಗೆ ಹೋಗಲಿಲ್ಲವಾ?" ಎಂದಳು ತಾಯಿ.

"ಮಗು ನಿದ್ದೆಯನ್ನೇ ಮಾಡಲಿಲ್ಲ ಅಮ್ಮ. ದುಪ್ಪಟಿ ಎತ್ತಿ ನೋಡಿದಾಗಲೆಲ್ಲ ಹಸಿರು ಕಣ್ಣು ಬಿಟ್ಟುಕೊಂಡೇ ಇತ್ತು."

ಕತ್ತಲಲ್ಲಿ ಹೊಳೆಯುವ ಅಂಕಿಗಳು ಅವು. ವಾಮನ ವಾಚನ್ನು ರೇಡಿಯೋದ ಸಮಯಕ್ಕೆ ಹಿಡಿದು ನೋಡಿದ. ತೂಗಿದ್ದಕ್ಕೆ ನಿಲ್ಲದೆ ಓಡಿತ್ತು, ಹೆಚ್ಚುಕಡಿಮೆಯಿಲ್ಲ. "ಹಡಗಿನಲ್ಲೂ ಯಾರೂ ಇದನ್ನು ಇಷ್ಟು ಚೆನ್ನಾಗಿ ಓಡಿಸಿರಲಿಕ್ಕಿಲ್ಲ," ಎಂದ.

ಲಚ್ಚಕ್ಕ ನಗಲಿಲ್ಲ. ಮಗನನ್ನು ಕರೆದುಕೊಂಡು ಕಡವಿಗೆ ಹೋದಳು.

"ಇನ್ನು ಒಂದೇ ದಿನ," ಎಂದ ಮೋನಪ್ಪ. "ಕೇಳು ಐತ. ವಾಚು ಏಳು ತೋರಿಸಿತೋ, ಹಗ್ಗ ಬಿಚ್ಚಬೇಕು. ನನ್ನ ದೋಣಿ ಯಾರಿಗೂ ಕಾಯುವುದಿಲ್ಲ. ನನ್ನ ಅಪ್ಪನೇ ಬಂದರೂ ಕಾಯುವುದಿಲ್ಲ. ತಿಳಿಯಿತಾ?"

"ತಿಳಿಯಿತು ಮೋನಪ್ಪಣ್ಣ."

ಮರುದಿನ ಐತ ಆರಕ್ಕೇ ದೋಣಿಯಲ್ಲಿ ಕೂತಿದ್ದ. ಬೀದಿಯಲ್ಲಿ ಕೈ ಆಡಿಸಲಿಲ್ಲ, ವಾಚು ತಿಕ್ಕಲಿಲ್ಲ, ಹಾಡಲೂ ಇಲ್ಲ. ಲಚ್ಚಕ್ಕ ದಡದಲ್ಲಿ ಕೈಮುಗಿದು ನಿಂತಿದ್ದಳು. ಮೀನಿನ ಬುಟ್ಟಿಯ ಹೆಂಗಸರು ಹತ್ತಿದರು, ಶಾಲೆಯ ಮಕ್ಕಳು ಹತ್ತಿದರು. ಮೋನಪ್ಪ ಐತನ ಬೆನ್ನು ತಟ್ಟಿದ. "ನೀನು ಬದುಕಿಕೊಂಡೆ," ಎಂದು ಹೇಳಿ ಪಕ್ಕದ ಅಂಗಡಿಗೆ ಚಾ ಕುಡಿಯಲು ಹೋದ.

ಮುಳ್ಳು ಏಳಕ್ಕೆ ಬಂತು. ಐತ ಹಗ್ಗ ಬಿಚ್ಚಿದ, ಹುಟ್ಟು ಹಾಕಿದ. ದೋಣಿ ಬಾಣದ ಹಾಗೆ ಹೊರಟಿತು.

"ಏ ಐತ, ನಾನು ಇಲ್ಲಿದ್ದೇನೆ," ಎಂದು ಮೋನಪ್ಪ ಚಾದ ಗ್ಲಾಸು ಹಿಡಿದುಕೊಂಡೇ ಮೊಣಕಾಲು ನೀರಿಗೆ ಇಳಿದ. "ದೋಣಿ ತಿರುಗಿಸು."

ಐತ ವಾಚಿನ ಕಡೆ ನೋಡಿದ. ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಂಡ.

"ಏಳು ದಾಟಿ ಒಂದು ನಿಮಿಷ, ಮೋನಪ್ಪಣ್ಣ. ತಡವಾಯಿತು. ನಾಳೆ ಬನ್ನಿ."