ದರ್ಜಿಯ ಪೆಟ್ಟಿಗೆ, ಭಾವಮೈದುನನ ಪೆಟ್ಟಿಗೆ

"ಗುರುಗಳೇ, ನನ್ನದು ತಪ್ಪಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿರುವಾಗಲೂ ನಾನೇ ಬದಲಾಗಬೇಕೆ?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಊರಾಚೆಯ ಮಂಟಪದಲ್ಲಿ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದರು. ಅವರು ಒಂದು ಕಡೆ ನಿಲ್ಲುವವರಲ್ಲ. ಶಿಷ್ಯರೂ ಅವರ ಹಿಂದೆ ಊರೂರು ತಿರುಗುತ್ತಿದ್ದರು. ಹಿಂದಿನ ದಿನ ಈ ಶಿಷ್ಯನಿಗೂ ಅವನ ಜೊತೆಯವನಿಗೂ ಮಾತು ಬೆಳೆದಿತ್ತು. ಆಮೇಲೆ ಇಬ್ಬರೂ ಒಂದೇ ದಾರಿಯ ಎರಡು ಅಂಚು ಹಿಡಿದು ನಡೆದು ಬಂದಿದ್ದರು.

"ಹಾಗಾದರೆ ತಪ್ಪು ಅವನದೋ?" ಎಂದರು ಗುರುಗಳು.

"ಅದೇ ತಿಳಿಯುತ್ತಿಲ್ಲ. ಅವನು ಹೇಳುವುದನ್ನು ಕೇಳಿದರೆ ಅವನದೂ ಸರಿ ಅನ್ನಿಸುತ್ತದೆ. ನನ್ನದನ್ನು ಯೋಚಿಸಿದರೆ ನನ್ನದೂ ಸರಿ. ಎರಡೂ ಸರಿಯಿದ್ದ ಮೇಲೆ ಜಗಳ ಎಲ್ಲಿಂದ ಬಂತು? ತಲೆ ಕೆಟ್ಟುಹೋಗಿದೆ."

"ಕೂತುಕೋ," ಎಂದರು ಗುರುಗಳು. ಮುಳ್ಳನ್ನು ಪಕ್ಕಕ್ಕೆ ಎಸೆದು ಹೇಳತೊಡಗಿದರು.

ಒಬ್ಬ ದರ್ಜಿ ಇದ್ದ. ಅವನಿಗೆ ಒಬ್ಬಳೇ ಮಗಳು, ನಾಗವೇಣಿ. ಹುಡುಗಿಗೆ ಒಳ್ಳೆಯ ಕಂಠ. ಹಾಡು ಕಲಿಯಲು ದೂರದ ಪಟ್ಟಣಕ್ಕೆ ಹೋಗಿದ್ದಳು. ಒಂದು ದಿನ ಅವಳಿಂದ ಸುದ್ದಿ ಬಂತು. ಯುಗಾದಿ ಕಳೆದ ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಹಾಡುತ್ತೇನೆ, ಒಂದೇ ಹಾಡು, ಅವ್ವ ತಪ್ಪದೆ ಕೇಳಬೇಕು. ರೇಡಿಯೋದ ಹಾಡನ್ನು ಹಿಡಿದಿಟ್ಟುಕೊಳ್ಳುವ ಯಂತ್ರ ಆಗ ಅಂಥ ಮನೆಗಳಲ್ಲಿ ಇರಲಿಲ್ಲ. ಬಂದಾಗ ಕೇಳಬೇಕು. ಹೋದರೆ ಹೋಯಿತು.

ದರ್ಜಿಯ ಮನೆಯಲ್ಲಿ ರೇಡಿಯೋ ಇತ್ತು. ಆದರೆ ಅದರೊಳಗಿನ ಸ್ಪೀಕರ್ ಹರಿದಿತ್ತು. ಯಾರು ಮಾತಾಡಿದರೂ ಬಾಯಲ್ಲಿ ಮಂಡಕ್ಕಿ ತುಂಬಿಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು.

"ಮಗಳ ಹಾಡನ್ನ ಇದರಾಗೆ ಕೇಳೋದಾ?" ಎಂದಳು ದರ್ಜಿಯ ಹೆಂಡತಿ ಹಾಲಮ್ಮ.

"ನಾನೇ ದೊಡ್ಡ ಸ್ಪೀಕರ್ ಪೆಟ್ಟಿಗೆ ಮಾಡ್ತೀನಿ," ಎಂದ ದರ್ಜಿ.

ಹಾಲಮ್ಮನಿಗೆ ಒಬ್ಬ ತಮ್ಮ. ಪಕ್ಕದ ಊರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ. ಹೆಸರು ಗೋಣಿಬಸಪ್ಪ, ಮನೆಯವರ ಬಾಯಲ್ಲಿ ಗೋಣಿ. ನಾಗವೇಣಿಯನ್ನು ಎತ್ತಿ ಆಡಿಸಿದವನು. ಸುದ್ದಿ ಮುಟ್ಟಿದ್ದೇ ತಡ, "ನನ್ನ ಅಕ್ಕನ ಮಗಳು ಹಾಡ್ತಾಳೆ ಅಂದ್ರೆ ಪೆಟ್ಟಿಗೆ ಮಾಡೋನು ನಾನು" ಎಂದು ಬಂದು ಜಗುಲಿಯಲ್ಲಿ ಕೂತ. ಭಾವನಿಗೂ ಮೈದುನನಿಗೂ ಮೊದಲಿನಿಂದ ಪೈಪೋಟಿ. ಹಬ್ಬಕ್ಕೆ ಇವನು ಹುಡುಗಿಗೆ ಲಂಗ ಹೊಲಿದರೆ ಅವನು ಬಾಗಿಲಿಗೆ ಸೈಕಲ್ ತಂದು ನಿಲ್ಲಿಸುವನು.

ಹಾಲಮ್ಮ ನಡುವೆ ಬಂದಳು. "ಎರಡು ಪೆಟ್ಟಿಗೆ ಮಾಡ್ರಿ. ಬಲಗಡೆಗೆ ಇವರದು, ಎಡಗಡೆಗೆ ನಿಂದು. ಹುಡುಗಿ ಇಬ್ಬರದರಾಗೂ ಹಾಡ್ಲಿ."

ಇಬ್ಬರೂ ಒಪ್ಪಿದರು. ಗುಜರಿಯಲ್ಲಿ ಹಳೆಯ ಸ್ಪೀಕರ್ ಒಂದು ಜೊತೆ ಸಿಕ್ಕಿತು. ಒಂದೊಂದರ ಬೆನ್ನಿಗೂ ತಂತಿ ಸಿಕ್ಕಿಸಲು ಎರಡೆರಡು ಕಡ್ಡಿ. ಯಾವ ಕಡ್ಡಿ ಪ್ಲಸ್, ಯಾವುದು ಮೈನಸ್ ಎಂಬ ಗುರುತು ತುಕ್ಕಿನಲ್ಲಿ ಅಳಿಸಿಹೋಗಿತ್ತು. ಇಬ್ಬರೂ ರೇಡಿಯೋ ರಿಪೇರಿಯವನನ್ನು ಕೇಳಿದರು. ಅವನು ಹೇಳಿದ:

"ಟಾರ್ಚಿನ ಸೆಲ್ಲಿನಿಂದ ಎರಡೂ ಕಡ್ಡಿಗೆ ತಂತಿ ತಾಗಿಸಿ. ಸ್ಪೀಕರಿನ ಬಾಯಿಗೆ ಬಟ್ಟಲಿನ ಹಾಗೆ ಅಂಟಿಸಿದ ಕಾಗದ ನಿಮ್ಮ ಕಡೆ ನೆಗೀತದೆ, ಇಲ್ಲ ಆ ಕಡೆ ಹೋಗ್ತದೆ. ನಿಮ್ಮ ಕಡೆ ನೆಗೆದಾಗ ಸೆಲ್ಲಿನ ಮೂತಿ ಯಾವ ಕಡ್ಡಿಗೆ ತಾಗಿತ್ತೋ ಅದರ ತಂತಿಗೆ ಕೆಂಪು ದಾರ ಕಟ್ಟಿ, ಇನ್ನೊಂದರದಕ್ಕೆ ಕಪ್ಪು. ಎರಡೂ ಪೆಟ್ಟಿಗೆ ಸೇರಿಸುವಾಗ ಕೆಂಪಿಗೆ ಕೆಂಪೇ ಬರಬೇಕು. ಒಂದು ಉಲ್ಟಾ ಆಯ್ತೋ, ಒಂದರ ಕಾಗದ ಮುಂದೆ ಬಂದಾಗ ಇನ್ನೊಂದರದು ಹಿಂದೆ ಹೋಗ್ತದೆ. ಇದು ಕೊಟ್ಟಿದ್ದನ್ನ ಅದು ನುಂಗ್ತದೆ."

ಇಬ್ಬರೂ ಅದನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡರು. ಒಂದೊಂದು ಸ್ಪೀಕರ್ ಹಂಚಿಕೊಂಡು ತಂತಮ್ಮ ಊರಿಗೆ ಹೋದರು.

ಮೈದುನ ಸೈಕಲ್ಲಿನ ಚಕ್ರವನ್ನು ನೆಲಕ್ಕೆ ಮಲಗಿಸಿ ನೋಡುವವನು. ಸ್ಪೀಕರನ್ನೂ ಹಾಗೇ ಮಲಗಿಸಿದ. ಅದರ ಬಾಯಿ ಮೇಲೆ, ಬೆನ್ನು ಕೆಳಗೆ. ಸೆಲ್ ತಾಗಿಸಿದ. ಕಾಗದ ತನ್ನ ಕಡೆ ನೆಗೆಯಿತು. ಕೆಂಪು ದಾರ ಕಟ್ಟಿದ. ಪೆಟ್ಟಿಗೆಯ ಸಂದಿಗೆಲ್ಲ ಹಳೆಯ ಟ್ಯೂಬಿನ ಪಟ್ಟಿ ಇಟ್ಟು ಸಲ್ಯೂಷನ್ ಹಾಕಿ ಅಂಟಿಸಿದ. ಎಲ್ಲಾದರೂ ಗಾಳಿ ಸೋರುತ್ತದೋ ಎಂದು ನೋಡಲು ಪೆಟ್ಟಿಗೆಯನ್ನು ನೀರಿನ ಬಾನಿಯಲ್ಲಿ ಮುಳುಗಿಸಹೊರಟಿದ್ದನಂತೆ. ಯಾರೋ ಕೈ ಹಿಡಿದು ತಡೆದರು.

ದರ್ಜಿ ಬಟ್ಟೆಯನ್ನು ಒಳಮಗ್ಗುಲಿನಿಂದ ನೋಡುವವನು. ಹೊಲಿಗೆ ಸರಿಯಿದೆಯೋ ಇಲ್ಲವೋ ಅಲ್ಲೇ ತಿಳಿಯುವುದು. ಅವನು ಮೊದಲು ಸ್ಪೀಕರನ್ನು ಪೆಟ್ಟಿಗೆಗೆ ಕೂರಿಸಿದ. ಅದರ ಬಾಯಿಗೆ ಮಗಳ ಹಳೆಯ ಲಂಗದ ಬಟ್ಟೆ ಬಿಗಿದ. ಬೆನ್ನ ಹಲಗೆ ಹೊಡೆಯುವ ಮುಂಚೆ ಹಿಂದಿನಿಂದ ಒಳಗೆ ಇಣುಕಿ ಸೆಲ್ ತಾಗಿಸಿದ. ಕಾಗದ ತನ್ನ ಕಡೆ ನೆಗೆಯಿತು. ಕೆಂಪು ದಾರ ಕಟ್ಟಿದ. ಅಂಗಡಿಯ ಚಿಂದಿಯನ್ನೆಲ್ಲ ಒಳಗೆ ತುರುಕಿ ಮುಚ್ಚಿದ.

ಇಬ್ಬರೂ ತಂತಮ್ಮ ಪೆಟ್ಟಿಗೆಯನ್ನು ಬೇರೆ ಬೇರೆಯಾಗಿ ಹಚ್ಚಿ ಕೇಳಿದರು. ಅದೂ ಚೆನ್ನಾಗಿ ಮಾತಾಡಿತು, ಇದೂ ಚೆನ್ನಾಗಿ ಮಾತಾಡಿತು.

"ಆದರೆ ಒಬ್ಬನು ನೋಡಿದ್ದು ಮುಂದಿನಿಂದ, ಇನ್ನೊಬ್ಬನು ಹಿಂದಿನಿಂದ," ಎಂದ ಶಿಷ್ಯ.

"ಅದು ನಿನಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ," ಎಂದು ಗುರುಗಳು ಮುಂದುವರಿಸಿದರು.

ಭಾನುವಾರ ಬೆಳಿಗ್ಗೆ ಮೈದುನ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿ, ಸೈಕಲ್ ತಳ್ಳಿಕೊಂಡು ಬಂದ. ಹತ್ತಿದರೆ ಪೆಟ್ಟಿಗೆ ಅಲುಗೀತೆಂದು ದಾರಿಯುದ್ದಕ್ಕೂ ತಳ್ಳಿಕೊಂಡೇ ಬಂದಿದ್ದ. ರೇಡಿಯೋದ ತಂತಿಯನ್ನು ದನಿ ಹೆಚ್ಚಿಸುವ ಒಂದು ಸಣ್ಣ ಆಂಪ್ಲಿಫೈಯರಿಗೆ ಕೊಟ್ಟು, ಅಲ್ಲಿಂದ ಎರಡೂ ಪೆಟ್ಟಿಗೆಗೆ ಎಳೆದರು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಅಕ್ಕಪಕ್ಕದವರು ಬಂದು ತುಂಬಿದರು. ಹಾಲಮ್ಮನಿಗೆ ಎರಡು ಪೆಟ್ಟಿಗೆಗಳ ಎದುರು ನಟ್ಟನಡುವೆ ಚಾಪೆ ಹಾಸಿದರು. ಹೆತ್ತವಳ ಜಾಗ ಅದು.

ರೇಡಿಯೋ ಹಚ್ಚಿದರು. ಯಾರೋ ಬಿತ್ತನೆ ಬೀಜದ ವಿಷಯ ಹೇಳುತ್ತಿದ್ದರು. ಹಾಲಮ್ಮ ಸ್ವಲ್ಪ ಹೊತ್ತು ಕೇಳಿದಳು. ಬಲಕ್ಕೆ ನೋಡಿದಳು. ಎಡಕ್ಕೆ ನೋಡಿದಳು. ಹಿಂದೆ ತಿರುಗಿ ಗೋಡೆಯನ್ನೂ ನೋಡಿದಳು.

"ಈಯಪ್ಪ ಎಲ್ಲಿಂದ ಮಾತಾಡ್ತಾನೆ?" ಎಂದಳು. "ಮಾತು ಬರ್ತೈತೆ, ಮನುಷ್ಯ ಬರವಲ್ಲ."

"ಚೆಂದ ಕೇಳ್ತೈತಲ್ಲ," ಎಂದ ದರ್ಜಿಯ ಪೆಟ್ಟಿಗೆಗೆ ಒರಗಿದವನು.

"ಈ ಕಡೆಗೂ ಚೆಂದ ಐತೆ," ಎಂದ ಮೈದುನನ ಪೆಟ್ಟಿಗೆಯ ಹತ್ತಿರ ಕೂತವನು.

ಇಬ್ಬರನ್ನೂ ಎಬ್ಬಿಸಿ ನಡುವೆ ಕೂರಿಸಿದರು. ಇಬ್ಬರೂ ಕಣ್ಣು ಕಣ್ಣು ಬಿಟ್ಟರು. ಅಲ್ಲಿ ದನಿಗೆ ಎದೆಯೇ ಇರಲಿಲ್ಲ. ಬಾವಿಯೊಳಗೆ ಬಿದ್ದವನು ಮಾತಾಡಿದ ಹಾಗಿತ್ತು. ಎದ್ದು ಬಲಕ್ಕೆ ಹೋದರೆ ದನಿ ಉಂಟು, ಎಡಕ್ಕೆ ಹೋದರೂ ಉಂಟು, ನಡುವೆ ಬಂದರೆ ಇಲ್ಲ. ಜನ ಕಳೆದುಹೋದ ಕೋಳಿಯನ್ನು ಹುಡುಕುವವರಂತೆ ಮನೆಯ ತುಂಬ ಓಡಾಡಿದರು. ಒಬ್ಬ ಮಾಡಿನ ತಗಡು ನುಂಗುತ್ತಿದೆ ಎಂದ. ಇನ್ನೊಬ್ಬ ಚಾಪೆ ತೆಗೆಯಿರಿ ಎಂದ. ಚಾಪೆ ತೆಗೆದರು. ಮತ್ತೆ ಹಾಸಿದರು. ಒಬ್ಬಳು ಮುದುಕಿ ಹಾಲಮ್ಮನ ಕಿವಿಯೊಳಗೆ ನೋಡಿದಳು.

ಕೊನೆಗೆ ಮೈದುನನಿಗೆ ಹೊಳೆಯಿತು. "ಭಾವ, ಒಂದು ಉಲ್ಟಾ ಆಗೈತೆ."

"ನನಗೂ ಹಂಗೇ ಅನ್ನಿಸ್ತು," ಎಂದ ದರ್ಜಿ. "ತಿರುಗಿಸು ನಿಂದು."

"ನಂದ್ಯಾಕೆ? ನಾನು ಕಣ್ಣಾರೆ ನೋಡಿ ದಾರ ಕಟ್ಟೀನಿ. ಕಾಗದ ನನ್ನ ಕಡೆ ನೆಗೀತು."

"ನಂದೂ ನನ್ನ ಕಡೆಗೇ ನೆಗೀತು. ನಾನೇನು ಕಣ್ಣು ಮುಚ್ಚಿ ಕಟ್ಟಿದ್ನಾ?"

"ಇರಬೌದು ಭಾವ. ನೀವು ಹೊಲಿದ ಅಂಗಿಗೆ ಒಂದು ತೋಳು ಗಿಡ್ಡ, ಒಂದು ಉದ್ದ. ಊರಿಗೇ ಗೊತ್ತು."

"ನಿನಗೆ ಪಂಕ್ಚರ್ ಬಿಟ್ರೆ ಏನು ಗೊತ್ತೋ ಗೋಣಿ? ಪೆಟ್ಟಿಗೇನ ನೀರಿಗೆ ಹಾಕಾಕೆ ಹೋಗಿದ್ಯಂತೆ!"

ನೆರೆದವರು ನಕ್ಕರು. ಆ ನಗುವಿನಿಂದ ಕೆಲಸ ಕೆಟ್ಟಿತು.

ಎರಡರಲ್ಲಿ ಯಾವ ಪೆಟ್ಟಿಗೆಯ ತಂತಿಯನ್ನು ಅದಲು ಬದಲು ಮಾಡಿದ್ದರೂ ಸಾಕಿತ್ತು. ಪೆಟ್ಟಿಗೆಗಳಿಗೆ ದಾರದ ಬಣ್ಣ ತಿಳಿಯದು. ಎರಡೂ ಕೂಡಿ ಉಸಿರೆಳೆದು ಕೂಡಿ ಬಿಟ್ಟರೆ ಆಯಿತು. ಇದು ಇಬ್ಬರಿಗೂ ಗೊತ್ತಿತ್ತು. ಬೆರಳ ತುದಿಯ ಕೆಲಸ. ಆದರೆ ಈಗ ಇಷ್ಟು ಜನರ ಎದುರು ತನ್ನದನ್ನು ತಿರುಗಿಸಿದವನು ಸೋತವನಾಗುತ್ತಿದ್ದ.

ಅಷ್ಟರಲ್ಲಿ ರೇಡಿಯೋ ಹೆಸರು ಹೇಳಿತು. ಈಗ ಹಾಡುತ್ತಿರುವವರು ನಾಗವೇಣಿ. ತಂಬೂರಿ ಶುರುವಾಯಿತು. ಹುಡುಗಿಯ ದನಿ ಎದ್ದಿತು.

"ಹಾಲಮ್ಮಾ, ಈ ಕಡೆ ಬಾರೇ, ಇಲ್ಲಿ ಚೆಂದ ಕೇಳ್ತೈತೆ," ಎಂದು ಬಲಗಡೆಯವರು ಕರೆದರು. ಎಡಗಡೆಯವರೂ ಕರೆದರು. ಅವಳು ಎದ್ದಳು. ಗಂಡ ನೋಡುತ್ತಿದ್ದ. ತಮ್ಮನೂ ನೋಡುತ್ತಿದ್ದ. ಯಾವ ಕಡೆ ಹೆಜ್ಜೆ ಇಟ್ಟರೂ ಇನ್ನೊಬ್ಬನ ಪೆಟ್ಟಿಗೆಯನ್ನು ಬಿಟ್ಟು ಬಂದ ಹಾಗೆ. ಅವಳು ಮತ್ತೆ ನಡುವೆಯೇ ಕೂತಳು. ಅಲ್ಲಿ ಮಗಳ ದನಿ ಯಾವುದೋ ಊರಿನ ಯಾರದೋ ಮಗಳ ದನಿಯಂತೆ ಬಂದು ಹೋಗುತ್ತಿತ್ತು.

"ನಿಮಗೆ ಕೈ ಮುಗೀತೀನಿ. ಯಾರಾರ ಒಬ್ಬರು ತಿರುಗಿಸ್ರಪ್ಪಾ," ಎಂದಳು.

"ತಿರುಗಿಸ್ತೀನಿ ಅಕ್ಕಾ, ಈಗ್ಲೇ ತಿರುಗಿಸ್ತೀನಿ," ಎಂದ ತಮ್ಮ. "ತಪ್ಪು ನಂದು ಅಂತ ಭಾವ ಒಂದು ಮಾತು ಹೇಳ್ಲಿ, ಸಾಕು."

"ಹೇಳೋದೇನು?" ಎಂದ ದರ್ಜಿ. "ಸೆಲ್ ತಗೊಂಬಾ. ನೋಡೇ ಬಿಡಾನ."

ಸೆಲ್ ಬಂತು. ಕರೆಂಟ್ ಹರಿಯುತ್ತಿರುವಾಗ ತಂತಿ ಬಿಚ್ಚಿದರೆ ಆಂಪ್ಲಿಫೈಯರ್ ಸುಟ್ಟೀತು ಎಂಬುದು ಪೆಟ್ಟಿಗೆ ಮಾಡುವವರೆಲ್ಲ ಪಾಲಿಸುವ ನೇಮ. ಇಬ್ಬರೂ ಶಿಸ್ತಿನವರು. ಮೈದುನ, "ಒಂದೇ ನಿಮಿಷ ಅಕ್ಕಾ" ಎಂದು ರೇಡಿಯೋ, ಆಂಪ್ಲಿಫೈಯರ್ ಎರಡನ್ನೂ ಆರಿಸಿದ. ಹುಡುಗಿಯ ಹಾಡು ಸಾಲಿನ ನಡುವೆ ನಿಂತಿತು.

ದರ್ಜಿ ತನ್ನ ಪೆಟ್ಟಿಗೆಯ ಬೆನ್ನ ಹಲಗೆ ಕಿತ್ತ. ಚಿಂದಿಯನ್ನೆಲ್ಲ ಹೊರಗೆ ಎಳೆದು ರಾಶಿ ಹಾಕಿದ. ಮೈದುನ ಮುಂದೆ ಕೂತು ಲಂಗದ ಬಟ್ಟೆಯನ್ನು ಹರಿದು ತೆಗೆದ. ದರ್ಜಿ ಹಿಂದಿನಿಂದ ಸೆಲ್ ತಾಗಿಸಿದ.

"ಬಂತು ನೋಡು!" ಎಂದ.

"ಎಲ್ಲಿ ಬಂತು? ಹೋಯ್ತು!" ಎಂದ ಮೈದುನ.

"ನನ್ನ ಮೂಗಿನ ಮುಂದೆ ಬಂತು ಕಣೋ!"

"ನನ್ನ ಮೂಗಿನ ಮುಂದಿಂದ ಹೋಯ್ತು ಭಾವ!"

ಮತ್ತೆ ತಾಗಿಸಿದ. ಅವನಿಗೆ ಬಂತು. ಇವನಿಗೆ ಹೋಯಿತು. ನೆರೆದವರಲ್ಲಿ ಅರ್ಧ ಜನ ಪೆಟ್ಟಿಗೆಯ ಹಿಂದೆ ಹೋಗಿ ದರ್ಜಿಯ ಪಕ್ಷವಾದರು. ಉಳಿದವರು ಮುಂದೆ ನಿಂತು ಮೈದುನನ ಪಕ್ಷವಾದರು. ಎಲ್ಲರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ಯಾರೂ ಸುಳ್ಳು ಹೇಳಲಿಲ್ಲ.

ಹಾಲಮ್ಮ ಆರಿದ ರೇಡಿಯೋದ ಕಡೆ ನೋಡುತ್ತ ಕೂತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಮೊದಲು ನಕ್ಕಿದ್ದ. ಈಗ ಹಣೆ ಗಂಟಿಕ್ಕಿತ್ತು. ಬೆರಳಿನಿಂದ ಗಾಳಿಯಲ್ಲೇ ಒಂದು ಪೆಟ್ಟಿಗೆ ಬರೆದ. ಅದರ ಮುಂದೆ ಒಬ್ಬನನ್ನು ಕೂರಿಸಿದ, ಹಿಂದೆ ಒಬ್ಬನನ್ನು ಕೂರಿಸಿದ. ತಲೆ ಕೆರೆದುಕೊಂಡ. ಇಬ್ಬರ ಜಾಗ ಬದಲಿಸಿ ನೋಡಿದ. ಬಹಳ ಹೊತ್ತಿನ ಮೇಲೆ ಅವನ ಮುಖ ಅರಳಿತು.

"ತಿಳಿಯಿತು ಗುರುಗಳೇ. ದನಿ ಹೊರಡುವುದು ಮುಂದಿನಿಂದ. ಆದ್ದರಿಂದ ಮುಂದಿನಿಂದ ನೋಡಿದ್ದೇ ಸರಿ. ಹಾಗಾದರೆ ತಪ್ಪು ದರ್ಜಿಯದೇ, ಅಲ್ಲವೆ?"

"ಅದು ತೀರ್ಮಾನವಾಗುವ ಹೊತ್ತಿಗೆ ಹಾಡು ಮುಗಿದಿತ್ತು," ಎಂದರು ಗುರುಗಳು.