ನೀ ಏನಂದೆ ಎನ್ನುವ ಹಕ್ಕಿ

ಲೋಕ ಆಗಿನ್ನೂ ಹೊಸತು. ಕೆರೆಗೆ ಮೊದಲ ನೀರು ಬಂದು ನಾಲ್ಕೇ ದಿನವಾಗಿತ್ತು, ದಂಡೆಯ ಕೆಸರು ಒಣಗಿರಲಿಲ್ಲ. ಆ ಕಾಲದಲ್ಲಿ ಟಿಟ್ಟಿಭ ಹಕ್ಕಿಗೂ ಒಂದು ಗೂಡಿತ್ತು ಮಗೂ. ಎಂಥ ಗೂಡು ಅಂತೀಯ! ಎತ್ತರಕ್ಕೆ ಹೆಣೆದ ಹುಲ್ಲಿನ ಗೋಡೆ, ಒಳಗೆ ಹತ್ತಿಯ ಹಾಸಿಗೆ, ಅದರ ಮೇಲೆ ಮಲ್ಲಿಗೆಯಷ್ಟು ಬೆಳ್ಳಗಿನ ನಾಲ್ಕು ಮೊಟ್ಟೆ.

ಟಿಟ್ಟಿಭ ಒಳ್ಳೆಯವಳೇ. ಆದರೆ ಯಾರಾದರೂ ಒಂದು ಮಾತು ಅಂದರೆ ಮುಗಿಯಿತು, ಮೂರು ದಿನ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೊರಗುವಳು.

ಅವಳ ಗೆಳತಿ ಬೆಳ್ಳಕ್ಕಿ ಒಂದು ದಿನ ಹೇಳಿದಳು, "ಅಕ್ಕಾ, ಬೇಜಾರು ಮಾಡ್ಕೋಬೇಡ. ಮೊಟ್ಟೆ ತುಂಬಾ ಬೆಳ್ಳಗಿವೆ. ಹದ್ದಿನ ಕಣ್ಣಿಗೆ ಮೇಲಿಂದಲೇ ಬೀಳ್ತವೆ."

ಟಿಟ್ಟಿಭಳ ಮುಖ ಕಣ್ಣಿನವರೆಗೂ ಕೆಂಪೇರಿತು. 'ತಾನು ಬೆಳ್ಳಗಿರಬಹುದು, ನನ್ನ ಮೊಟ್ಟೆ ಬೆಳ್ಳಗಿರಬಾರದೋ? ಹೊಟ್ಟೆಕಿಚ್ಚು!' ಅಂದುಕೊಂಡಳು. ಆದರೂ ಆ ಮಾತು ಅವಳನ್ನು ಬಿಡಲಿಲ್ಲ. ಹುಳ ಹಿಡಿದರೆ ರುಚಿಸಲಿಲ್ಲ, ನೀರು ಕುಡಿದರೆ ಇಳಿಯಲಿಲ್ಲ. ಕೊನೆಗೆ ಮೊಟ್ಟೆಗಳನ್ನು ಕೆಸರಿನಲ್ಲಿ ಉರುಳಿಸಿ, ಕೊಕ್ಕಿನಿಂದ ಕಪ್ಪು ಮಣ್ಣಿನ ಚುಕ್ಕೆ ಇಟ್ಟಳು.

ಅಲ್ಲಿಂದ ಶುರುವಾಯಿತು ನೋಡು ಅನುಮಾನ. ಕೆರೆಯಲ್ಲಿ ಯಾರು ಬಾಯಿ ತೆರೆದರೂ ತನ್ನ ಬಗ್ಗೆಯೇ ಅನ್ನಿಸಿತು.

ಎಮ್ಮೆ ಮೆಲುಕು ಹಾಕುತ್ತಾ, "ಒಣಹುಲ್ಲು, ಬರೀ ಒಣಹುಲ್ಲು. ಯಾರಿಗೆ ಬೇಕು ಇದು?" ಎಂದು ಗೊಣಗಿತು. ಪಾಪ, ಅದು ತನ್ನ ಊಟದ ಮಾತು. 'ನನ್ನ ಗೂಡಿಗೇ ಅಂದದ್ದು!' ಎಂದು ಟಿಟ್ಟಿಭ ಹುಲ್ಲನ್ನೆಲ್ಲ ಕಿತ್ತು ಬಿಸಾಕಿದಳು.

"ಸೆಕೆಯಪ್ಪಾ ಸೆಕೆ, ಹತ್ತಿ ಹೊದ್ದ ಹಾಗಿದೆ" ಅಂದಿತು ಗಾಳಿ. 'ಇದೂ ನನಗೇ!' ಎಂದು ಹತ್ತಿಯನ್ನೂ ಹೊರಗೆ ಹಾಕಿದಳು.

ಬರಿ ನೆಲ ಉಳಿಯಿತು. ನೆಲದ ಮೇಲೆ ಕಲ್ಲು, ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ.

ಬೆಳ್ಳಕ್ಕಿ ಬಂದು ನೋಡಿ ಗಾಬರಿಯಾದಳು. "ಅಯ್ಯೋ ಅಕ್ಕಾ, ಗೂಡೆಲ್ಲಿ?"

"ನೀ ಏನಂದೆ? ಎಮ್ಮೆ ಹತ್ರ ನನ್ನ ಬಗ್ಗೆ ಏನಂದೆ?"

"ನಾನೇನೂ ಅಂದಿಲ್ಲ ಕಣೇ!"

ಅಷ್ಟರಲ್ಲಿ ನೆಲದ ಮೇಲೆ ನೆರಳು ಹಾಯಿತು. ಹದ್ದು! ಬೆಳ್ಳಗಿನ ಮೊಟ್ಟೆಗಳನ್ನು ಹೋದ ವಾರವೇ ಗುರುತಿಟ್ಟು ಹೋಗಿದ್ದ ಕಳ್ಳ, ಈಗ ಬಂದಿಳಿದ. ಗೆಳತಿಯರಿಬ್ಬರೂ ಪೊದೆಯ ಮರೆಗೆ ಸರಿದರು. ಹದ್ದು ಅತ್ತ ನಡೆದ, ಇತ್ತ ನಡೆದ. ಅವನ ಉಗುರು ಒಂದು ಮೊಟ್ಟೆಗೆ ಗೇಣು ದೂರದಲ್ಲಿತ್ತು.

"ಇಲ್ಲೇ ಇತ್ತಲ್ಲ ದೊಡ್ಡ ಗೂಡು, ಬಿಳಿ ಮೊಟ್ಟೆ? ಥೂ, ಬರೀ ಕಲ್ಲು!" ಎಂದು ಹಾರಿಹೋದ.

ಬೆಳ್ಳಕ್ಕಿ ಖುಷಿಗೆ ನಕ್ಕುಬಿಟ್ಟಳು. "ಅಕ್ಕಾ, ಮಕ್ಕಳು ಉಳಿದ್ವು!"

ಆದರೆ ಟಿಟ್ಟಿಭಳ ಕಿವಿಯಲ್ಲಿ ಹದ್ದಿನ ಮಾತೇ ಕೊರೆಯುತ್ತಿತ್ತು. ನನ್ನ ಮಕ್ಕಳನ್ನು ಕಲ್ಲು ಅಂದನಲ್ಲ! ಇವಳು ಅದಕ್ಕೇ ನಗ್ತಿದ್ದಾಳಲ್ಲ! "ನೀ ಏನಂದೆ? ನೀ ಏನಂದೆ?" ಎಂದು ಕಿರುಚುತ್ತಾ ಗೆಳತಿಯನ್ನೇ ಕೆರೆಯಾಚೆಗೆ ಅಟ್ಟಿಸಿಕೊಂಡು ಹೋದಳು.

ಬೆಳ್ಳಕ್ಕಿ ಅತ್ತುಕೊಂಡು ಎಮ್ಮೆಯ ಹತ್ತಿರ ಹೋಗಿ ನಿಂತಳು. ಎಮ್ಮೆಗೆ ಯಾರು ಏನಂದರೂ ತಾಗುವುದಿಲ್ಲ, ಅಲ್ಲಿ ಅವಳಿಗೆ ನೆಮ್ಮದಿ. ಆ ವಾರವೇ ಟಿಟ್ಟಿಭಳ ನಾಲ್ಕೂ ಮರಿ ಹೊರಬಂದವು, ಪುಟುಪುಟು ಓಡಿದವು. ನೋಡಿ ಮುದ್ದಾಡಲು ಬೆಳ್ಳಕ್ಕಿ ಮಾತ್ರ ಬರಲಿಲ್ಲ. ಟಿಟ್ಟಿಭ ಕಾದಳು. ಕರೆಯೋಣ ಎಂದು ಬಾಯಿ ತೆರೆದಳು. ಬಂದದ್ದು ಅದೇ ಮಾತು, "ನೀ ಏನಂದೆ?"

ಅದಕ್ಕೇ ಮಗೂ, ಇವತ್ತಿಗೂ ಬೆಳ್ಳಕ್ಕಿ ಎಮ್ಮೆಯ ಹಿಂದೆಯೇ ಓಡಾಡುತ್ತದೆ. ಟಿಟ್ಟಿಭಳ ಮುಖದ ಕೆಂಪು ಇಳಿದಿಲ್ಲ. ನೀನು ತೆಪ್ಪಗೆ ಕೆರೆ ದಂಡೆಯಲ್ಲಿ ನಡೆದರೂ ತಲೆ ಮೇಲೆ ಸುತ್ತುತ್ತಾ "ನೀ ಏನಂದೆ? ನೀ ಏನಂದೆ?" ಎಂದು ಜಗಳಕ್ಕೆ ಬರುತ್ತಾಳೆ. ಅವಳ ಮೊಟ್ಟೆ ನಿನ್ನ ಕಾಲ ಬುಡದಲ್ಲೇ ಇರುತ್ತದೆ, ಆದರೆ ಚೆಂದ ಇದೆ ಅನ್ನೋಣವೆಂದರೆ ನಿನ್ನ ಕಣ್ಣಿಗದು ಕಾಣುವುದೇ ಇಲ್ಲ.