ಕುಂಚಿಗೆಯ ಅಂಚಿನ ಮಣಿ

“ಮಕ್ಕಳ ಅಂಗಿಗೆ ಸೀಸದ ಪರೀಕ್ಷೆ ಆಗಬೇಕಂತ ನಿಯಮ. ಬಟ್ಟೆಗೆ ಪರೀಕ್ಷೆ ಚೀಟಿ ಐತಿ. ಮತ್ತ ಮಣಿಗೂ ಚೀಟಿ ಯಾಕ್ರಿ, ಗುರುಗಳ? ಅವು ಬರೇ ಅಲಂಕಾರಕ್ಕ.”

ಹೊಲಿಗೆ ಕಲಿಯುತ್ತಿದ್ದ ನೀಲವ್ವ ಕೇಳಿದಳು. ತೊಡೆಯ ಮೇಲೆ ತನ್ನ ಮಗುವಿನ ಅಂಗಿ, ಸೂಜಿಯಲ್ಲಿ ಕೆಂಪು ಮಣಿ. ಗುರುಗಳು ಕತ್ತರಿ ಕೆಳಗಿಟ್ಟು ಒಂದು ಕತೆ ಹೇಳಿದರು.

“ಅಂಚಿನ ಮಣಿ ಬಣ್ಣ ಎಲ್ಲಿ ಹೋತು?”

ಇದು ಒಬ್ಬ ದರ್ಜಿಯ ಹೆಂಡತಿ ಕೊನೆಗೆ ಆಡಿದ ಮಾತು. ಜ್ವರದಲ್ಲಿ ಏನೋ ಅಂದಳು ಎಂದು ದರ್ಜಿ ತಿಳಿದ. ಹಣೆಗೆ ಒದ್ದೆ ಬಟ್ಟೆ ಹಾಕಿದ. ಸಂಜೆಗೆ ಅವಳು ಇರಲಿಲ್ಲ.

ಅವಳು ಒಂದು ಕುಂಚಿಗೆ ಹೊಲಿದಿದ್ದಳು. ಕೂಸಿನ ತಲೆಗೆ ಹಾಕಿದರೆ ಬೆನ್ನ ತನಕ ಇಳಿಯುವಂಥದು. ಸುತ್ತಲೂ ಕೆಂಪು ಬಣ್ಣ ಬಳಿದ ಮಣಿ. ಅವರಿಗೆ ಮಕ್ಕಳಿರಲಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಅದನ್ನು ಒಯ್ಯುತ್ತಿದ್ದರು. ನಾಲ್ಕು ಹಲ್ಲು ಬರುವ ತನಕ ತೊಡಿಸಿ, ಒಗೆದು ತಿರುಗಿ ಕೊಡುತ್ತಿದ್ದರು. ಏಳು ಕೂಸು ತೊಟ್ಟಿದ್ದವು.

ಅವಳು ಹೋಗಿ ತಿಂಗಳಾದ ಮೇಲೆ ನೆರೆಮನೆಯ ಅಜ್ಜಿ ಬಂದಳು.

“ಮೊಮ್ಮಗಳಿಗೆ ಕುಂಚಿಗಿ ಕೊಡಪಾ. ನಿನ್ನ ಹೆಂಡತಿ ಕೈ ಮುಟ್ಟಿದ್ದು. ಕೂಸು ತಣ್ಣಗಿರತೈತಿ.”

ದರ್ಜಿ ಪೆಟ್ಟಿಗೆ ತೆಗೆದ. ನೆತ್ತಿಯ ಮಣಿಗಳು ಕೆಂಪಗೇ ಇದ್ದವು. ಬೆನ್ನಿನವೂ ಕೆಂಪು. ಗದ್ದದ ಹತ್ತಿರ ಬರುವ ಅಂಚಿನವು ಮಾತ್ರ ಬೆಳ್ಳಗಾಗಿದ್ದವು.

“ಒಗದು ಒಗದು ಹೋಗಿರಬೇಕು,” ಅಂದಳು ಅಜ್ಜಿ.

ಒಗೆದರೆ ಎಲ್ಲವೂ ಹೋಗಬೇಕಿತ್ತು. ಕೂಸು ಅಲಂಕಾರ ನೋಡುವುದಿಲ್ಲ. ಬಾಯಿಗೆ ಸಿಕ್ಕಿದ್ದನ್ನು ಚೀಪುತ್ತದೆ. ಬಣ್ಣದಲ್ಲಿ ಸೀಸ ಇದ್ದರೆ ಕೂಸಿನ ಬುದ್ಧಿಗೆ ಬಡಿಯುತ್ತದೆ ಎಂದು ದರ್ಜಿ ಕೇಳಿದ್ದ. ಅವನು ಕುಂಚಿಗೆ ಮಡಚಿದ.

“ಕೊಡೂದಿಲ್ಲಬೇ.”

“ಸತ್ತಾಕಿ ಅರಿವಿ ಹಿಡಕೊಂಡು ಕುಂತಾನ ನೋಡು!” ಅಜ್ಜಿ ಸಿಟ್ಟಾಗಿ ಹೋದಳು.

ದರ್ಜಿ ಪೇಟೆಗೆ ಹೋದ. ಈ ಬಣ್ಣದಲ್ಲಿ ಸೀಸ ಇದೆಯೇ ಎಂದು ಮಣಿ ಮಾರಿದ ವ್ಯಾಪಾರಿಯನ್ನು ಕೇಳಿದ.

“ಯಾರಿಗೆ ಗೊತ್ತು? ಚೀಟಿ ಬಟ್ಟೆಗೆ. ಮಣಿ ಬರೇ ಅಲಂಕಾರಕ್ಕ.”

ಮರುದಿನ ಬೆಳಿಗ್ಗೆ ದರ್ಜಿ ಕುಂಚಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅದನ್ನು ತೊಟ್ಟ ಕೂಸುಗಳ ಮನೆಮನೆಗೆ ಹೋದ. ಅಂಚು ತೋರಿಸಿದ. ಕೂಸಿನ ರಕ್ತ ಪರೀಕ್ಷೆ ಮಾಡಿಸಿರಿ ಅಂದ. ಒಬ್ಬರು ಬೈದರು. ಒಬ್ಬರು ಅತ್ತರು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ನೀಲವ್ವನ ಸೂಜಿ ಆಗಲೇ ನಿಂತಿತ್ತು.

“ಆ ಬೆಳಗು… ಯಾವತ್ತಿಂದ್ರಿ?”

“ಇವತ್ತಿಂದವ್ವಾ.” ಗುರುಗಳು ಮಗ್ಗುಲಲ್ಲಿದ್ದ ಕುಂಚಿಗೆ ಬಿಚ್ಚಿ ಅಂಚು ತೋರಿಸಿದರು. “ಆರು ಮನಿ ಆದವು, ಏಳನೇದು ನಿಂದು.”